ಮೊದಲು ಅಳತೆ, ಆಮೇಲೆ ಮಾತ್ರೆ

ಕಳೆದ ವರ್ಷ ಧಾರವಾಡದಲ್ಲಿ ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೆ. ಮಧ್ಯಾಹ್ನ ಮೆಸ್ಸಿನ ಊಟ ಮುಗಿಸಿ ಪುಸ್ತಕ ಹಿಡಿದರೆ ಮೈಯಲ್ಲಿ ತ್ರಾಣವೇ ಇರುತ್ತಿರಲಿಲ್ಲ. ರಕ್ತ ಕಡಿಮೆ ಇರಬೇಕು ಎಂದ ರೂಮ್‌ಮೇಟ್. ಮೆಡಿಕಲ್ ಶಾಪಿಗೆ ಹೋಗಿ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆ ತಂದೆ. ವೈದ್ಯರ ಚೀಟಿ ಇಲ್ಲ, ರಕ್ತಪರೀಕ್ಷೆ ಇಲ್ಲ. ನಾಲ್ಕೈದು ತಿಂಗಳು ನುಂಗಿದೆ. ಸುಸ್ತು ಕಡಿಮೆಯಾದಂತೆ ಅನಿಸಿತು. ಆದರೆ ಪಾದಗಳು ಜೋಮು ಹಿಡಿಯತೊಡಗಿದವು. ಒಂದು ದಿನ ಕಾಲಿನಿಂದ ಚಪ್ಪಲಿ ಜಾರಿದ್ದೇ ತಿಳಿಯಲಿಲ್ಲ. ಹೆದರಿ ಆಸ್ಪತ್ರೆಗೆ ಓಡಿದೆ.

ಪರೀಕ್ಷೆ ಮಾಡಿಸಿದಾಗ ಗೊತ್ತಾಯಿತು, ನನಗಿದ್ದದ್ದು ವಿಟಮಿನ್ ಬಿ12 ಕೊರತೆ. ಮಾಂಸ, ಮೊಟ್ಟೆ ತಿನ್ನದ, ಹಾಲು ಮೊಸರನ್ನೂ ಅಷ್ಟಾಗಿ ಕಾಣದ ನನ್ನ ಊಟದಲ್ಲಿ ಅದು ಬರುವ ದಾರಿಯೇ ಇರಲಿಲ್ಲ. ಫೋಲಿಕ್ ಆಮ್ಲ ರಕ್ತವನ್ನು ಸುಧಾರಿಸಿ ಆ ಕೊರತೆಯನ್ನು ಮರೆಮಾಚಬಲ್ಲದು, ನರಗಳ ಹಾನಿ ಮಾತ್ರ ಒಳಗೊಳಗೇ ಮುಂದುವರಿಯುತ್ತದೆ ಎಂದು ವೈದ್ಯರು ವಿವರಿಸಿದರು. ಇನ್ನಷ್ಟು ತಡವಾಗಿದ್ದರೆ ಆ ಹಾನಿ ಶಾಶ್ವತವಾಗಬಹುದಿತ್ತು.

ಆ ಮಾತ್ರೆಯ ಚರಿತ್ರೆ ಹುಡುಕಿದಾಗ ನನಗೆ ಸಿಕ್ಕವರು ಯಲ್ಲಾಪ್ರಗಡ ಸುಬ್ಬರಾವ್.

ಅವರು ಹುಟ್ಟಿದ್ದು 1895ರಲ್ಲಿ, ಆಂಧ್ರದ ಭೀಮವರಂನಲ್ಲಿ. ಮೆಟ್ರಿಕ್ ಪಾಸಾಗಿದ್ದು ಮೂರನೇ ಪ್ರಯತ್ನದಲ್ಲಿ. ಮೊದಲ ಯತ್ನದಲ್ಲೇ ಸೋತು ಕೂತಿದ್ದ ನನಗೆ ಇದನ್ನು ಓದಿ ಎಷ್ಟು ಸಮಾಧಾನವಾಯಿತೋ! ಮದ್ರಾಸಿನ ವೈದ್ಯಕೀಯ ಕಾಲೇಜಿನಲ್ಲಿ ಖಾದಿಯ ಗೌನು ತೊಟ್ಟಿದ್ದಕ್ಕೆ ಪ್ರಾಧ್ಯಾಪಕರ ಕೋಪಕ್ಕೆ ಗುರಿಯಾದರು. ಎಂಬಿಬಿಎಸ್ ಬದಲು ಅದಕ್ಕಿಂತ ಕೆಳಗಿನ ಎಲ್‌ಎಂಎಸ್ ಪದವಿಯಷ್ಟೇ ಸಿಕ್ಕಿತು. ಈ ನಡುವೆ ಇಬ್ಬರು ಸಹೋದರರು ಕೆಲವೇ ದಿನಗಳ ಅಂತರದಲ್ಲಿ ತೀರಿಕೊಂಡರು. ಆ ಮನೆಯನ್ನು ಕಾಡಿದ್ದು ಸ್ಪ್ರೂ, ಕರುಳು ಆಹಾರದ ಸಾರ ಹೀರಲಾಗದೆ ದೇಹ ಸೊರಗುವ ಕಾಯಿಲೆ. ಆಗ ಅದಕ್ಕೆ ನಂಬಬಹುದಾದ ಮದ್ದಿರಲಿಲ್ಲ.

1920ರ ದಶಕದ ಆರಂಭದಲ್ಲಿ ಅವರು ಬಾಸ್ಟನ್ನಿಗೆ ಹೋದರು. ಹೊಟ್ಟೆಪಾಡಿಗೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಚಾಕರಿ, ಹಗಲು ಹಾರ್ವರ್ಡ್‌ನಲ್ಲಿ ಓದು. ಅಲ್ಲಿ ಸೈರಸ್ ಫಿಸ್ಕ್ ಜೊತೆ ಸೇರಿ ರಕ್ತ, ಮೂತ್ರಗಳಲ್ಲಿನ ರಂಜಕವನ್ನು ಅಳೆಯುವ ವಿಧಾನ ರೂಪಿಸಿದರು. 1925ರಲ್ಲಿ ಪ್ರಕಟವಾದ ಆ ವಿಧಾನ ಇಬ್ಬರ ಹೆಸರಿನಲ್ಲೇ ಪ್ರಸಿದ್ಧವಾಯಿತು. ಆ ಅಳತೆಯ ಬೆನ್ನು ಹತ್ತಿಯೇ ಜೀವಕೋಶಗಳಿಗೆ ಶಕ್ತಿ ಒದಗಿಸುವ ಎಟಿಪಿಯನ್ನು ಕಂಡುಕೊಂಡರು. ಇಷ್ಟಾದರೂ ಹಾರ್ವರ್ಡ್ ಕಾಯಂ ಹುದ್ದೆ ಕೊಡಲಿಲ್ಲ. 1940ರಲ್ಲಿ ಲೆಡರ್ಲಿ ಔಷಧ ಕಂಪನಿ ಸೇರಿದರು.

1941ರಲ್ಲಿ ಟೆಕ್ಸಾಸಿನ ವಿಜ್ಞಾನಿಗಳು ನಾಲ್ಕು ಟನ್ ಪಾಲಕ್ ಸೊಪ್ಪಿನಿಂದ ಚೂರು ವಸ್ತು ಬೇರ್ಪಡಿಸಿ, ಎಲೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಅದಕ್ಕೆ ಫೋಲಿಕ್ ಆಮ್ಲ ಎಂದು ಹೆಸರಿಟ್ಟಿದ್ದರು. ಅದನ್ನು ಪ್ರಯೋಗಾಲಯದಲ್ಲೇ ತಯಾರಿಸುವ ದಾರಿಯನ್ನು ಸುಬ್ಬರಾವ್ ಅವರ ತಂಡ 1945ರಲ್ಲಿ ತೋರಿಸಿತು. ಸ್ಪ್ರೂ ರೋಗಿಗಳ ಒಣಗಿದ ರಕ್ತ ಚಿಗುರಿತು. ಸಹೋದರರಿಗೆ ಸಿಗದ ಮದ್ದು ಜಗತ್ತಿಗೆ ಸಿಕ್ಕಿತು. ಅದೇ ಅಣುವಿನ ರಚನೆಯನ್ನು ತುಸು ಬದಲಿಸಿ ಅವರ ತಂಡ ಮಾಡಿದ ಅಮಿನಾಪ್ಟೆರಿನ್, ರಕ್ತ ಕ್ಯಾನ್ಸರಿನ ಮಕ್ಕಳಿಗೆ ಕೆಲಕಾಲದ ಮಟ್ಟಿಗಾದರೂ ಚೇತರಿಕೆ ತಂದಿತು. ಆನೆಕಾಲು ರೋಗ ತಡೆಗೆ ನಮ್ಮಲ್ಲಿ ಮನೆಮನೆಗೆ ಹಂಚಿದ ಡಿಇಸಿ ಮಾತ್ರೆಯೂ ಅವರ ತಂಡದ್ದೇ.

1948ರ ಆಗಸ್ಟ್‌ನಲ್ಲಿ, 53ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಬಿ12 ಅನ್ನು ಬೇರ್ಪಡಿಸಿದ್ದೂ ಅದೇ ವರ್ಷ. ಫೋಲಿಕ್ ಆಮ್ಲ ಕೊಟ್ಟರೆ ಕೆಲವರ ರಕ್ತ ಸರಿಹೋದರೂ ನರ ಕೆಡುವುದು ನಿಲ್ಲುವುದಿಲ್ಲ ಎಂಬುದನ್ನು ವೈದ್ಯರು ಆಗಲೇ ಗಮನಿಸಿದ್ದರು. ಅಂದಿನಿಂದ ಗೊತ್ತಿದ್ದ ಪಾಠವನ್ನು ನಾನು ನನ್ನ ಪಾದಗಳಿಂದ ಕಲಿಯಬೇಕಾಯಿತು.

ಹಾಗೆಂದು ಫೋಲಿಕ್ ಆಮ್ಲ ಕೆಟ್ಟದ್ದಲ್ಲ. ಗರ್ಭ ಧರಿಸಲಿರುವ ಹೆಣ್ಣುಮಕ್ಕಳು ದಿನಕ್ಕೆ 400 ಮೈಕ್ರೋಗ್ರಾಂ ತೆಗೆದುಕೊಂಡರೆ ಮಗುವಿನ ಬೆನ್ನುಹುರಿಯ ದೋಷಗಳನ್ನು ಬಹುಮಟ್ಟಿಗೆ ತಡೆಯಬಹುದು. ಯಾರಿಗೆ, ಯಾವುದು, ಎಷ್ಟು ಎಂಬುದೇ ಪ್ರಶ್ನೆ. ಎ ಮತ್ತು ಡಿ ವಿಟಮಿನ್ನುಗಳು ಹೆಚ್ಚಾದರೆ ಮೈಯಲ್ಲೇ ಉಳಿದು ತೊಂದರೆ ಕೊಡುತ್ತವೆ. ಕಬ್ಬಿಣದ ಮಾತ್ರೆಯ ಜೊತೆ ಚಹಾ ಕುಡಿದರೆ ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ, ನಿಂಬೆರಸವಾದರೆ ಹತ್ತುತ್ತದೆ. ಇವೆಲ್ಲ ನನಗೆ ತಡವಾಗಿ ತಿಳಿದವು.

ಸುಬ್ಬರಾವ್ ಹೆಸರಾಗಿದ್ದು ಮೊದಲು ಅಳತೆಯಿಂದ, ಆಮೇಲೆ ಔಷಧದಿಂದ. ನಾನು ಈ ಕ್ರಮವನ್ನೇ ತಿರುವುಮುರುವು ಮಾಡಿದ್ದೆ. ಬಿ12 ಇಂಜೆಕ್ಷನ್ನುಗಳ ನಂತರ ಪಾದಗಳಿಗೆ ಸ್ಪರ್ಶ ಮರಳಿದೆ. ಮುಂದಿನ ತಿಂಗಳು ಮತ್ತೆ ಪರೀಕ್ಷೆ ಬರೆಯುತ್ತಿದ್ದೇನೆ, ಇದು ಎರಡನೇ ಯತ್ನ. ಸುಬ್ಬರಾವ್ ಲೆಕ್ಕದಲ್ಲಿ ನನಗೆ ಇನ್ನೂ ಒಂದು ಬಾಕಿ ಇದೆ.