ಶ್ಯಾಕಲ್ಟನ್ ಮತ್ತು ಕೈಕೊಟ್ಟ ಎಂಜಿನ್

ಅರ್ನೆಸ್ಟ್ ಶ್ಯಾಕಲ್ಟನ್ ಅಂದ್ರೆ ಎಲ್ಲರಿಗೂ ನೆನಪಾಗೋದು 1915ರಲ್ಲಿ ಅಂಟಾರ್ಕ್ಟಿಕಾದ ಹಿಮ ನುಂಗಿದ ‘ಎಂಡ್ಯೂರೆನ್ಸ್’. ವರ್ಕ್‌ಶಾಪ್‌ನಲ್ಲಿ ಕೈ ಕಪ್ಪು ಮಾಡಿಕೊಳ್ಳುವ ನಮಗೆ ಮಾತ್ರ ಅವರ ಕೊನೆಯ ಹಡಗು ‘ಕ್ವೆಸ್ಟ್’ ಹೆಚ್ಚು ಕಾಡುತ್ತೆ. ಹಾಯಿಯ ಜೊತೆ ಉಗಿ ಎಂಜಿನ್ನೂ ಇದ್ದ ಪುಟ್ಟ ಹಡಗು. 1921ರ ಸೆಪ್ಟೆಂಬರ್‌ನಲ್ಲಿ ಲಂಡನ್ ಬಿಟ್ಟಿದ್ದೇ ತಡ, ಎಂಜಿನ್ ತಕರಾರು ಶುರು. ಹೊರಡೋ ಮುಂಚೆಯೇ ಸರಿ ಮಾಡಿಸಿದ್ದರೆ! ಲಿಸ್ಬನ್‌ನಲ್ಲಿ ಒಂದು ವಾರ ರಿಪೇರಿ, ರಿಯೊ ಡಿ ಜನೈರೊದಲ್ಲಿ ನಾಲ್ಕು ವಾರ. ಕೇಪ್‌ಟೌನ್‌ಗೆ ಹೋಗಲು ಸಮಯ ಉಳಿಯಲಿಲ್ಲ. ಮೊದಲೇ ಅಲ್ಲಿಗೆ ಕಳಿಸಿದ್ದ ಸಾಮಾನು ಅಲ್ಲೇ ಉಳಿಯಿತು.

ರಿಯೊದಲ್ಲೇ ಶ್ಯಾಕಲ್ಟನ್ನರ ಹೃದಯವೂ ಕೈಕೊಟ್ಟಿತು. ಎಂಜಿನ್ ಬಿಚ್ಚಿಸಿ ನೋಡಿಸಿದವರು ತಮ್ಮನ್ನು ನೋಡಲು ಡಾಕ್ಟರಿಗೆ ಬಿಡಲೇ ಇಲ್ಲ. 1922ರ ಜನವರಿ 4ರಂದು ಹಡಗು ದಕ್ಷಿಣ ಜಾರ್ಜಿಯಾ ದ್ವೀಪ ಮುಟ್ಟಿತು. ಮರುದಿನ ನಸುಕಿನಲ್ಲಿ ಅವರು ತೀರಿಕೊಂಡರು. ವಯಸ್ಸು 47. ಕ್ವೆಸ್ಟ್ ಫ್ರಾಂಕ್ ವೈಲ್ಡ್ ಮುಂದಾಳತ್ವದಲ್ಲಿ ದಕ್ಷಿಣಕ್ಕೆ ಹೊರಟಿತು.