ವಿದ್ಯಾರ್ಥಿದೆಶೆಯ ವಿಶ್ವೇಶ್ವರಯ್ಯನವರು

ಸಿದ್ದಾಪುರ ತಾಲೂಕಿನ ಬಿಳಗಿಯು ಹಿಂದೆ ಒಂದು ಅರಸುಮನೆತನದ ರಾಜಧಾನಿಯಾಗಿದ್ದಿತೆಂಬುದಕ್ಕೆ ಅಲ್ಲಿಯ ರತ್ನತ್ರಯ ಬಸದಿಯೂ ಗೋಲಬಾವಿಯೂ ಇಂದಿಗೂ ಸಾಕ್ಷಿಯಾಗಿ ನಿಂತಿವೆ. ಅಡಕೆಯ ತೋಟಗಳ ನಡುವಣ ಆ ಸೀಮೆಯ ಮನೆಗಳಿಂದ ಉನ್ನತ ವಿದ್ಯೆಯನ್ನು ಬಯಸುವ ಮಕ್ಕಳು ಅನೇಕರು ಶಿರಸಿಗೋ ಧಾರವಾಡಕ್ಕೋ ಬೆಂಗಳೂರಿಗೋ ಹೊರಡಬೇಕಾಗುತ್ತದೆ. ಮಗನೋ ಮಗಳೋ ಊರ ಗಡಿಯನ್ನು ದಾಟಿದ ಮರುಕ್ಷಣವೇ ತಾಯಿತಂದೆಗಳ ಎದೆಯಲ್ಲಿ ಒಂದು ಪ್ರಶ್ನೆ ಏಳುವುದು: ಕಾಯುವವರಿಲ್ಲದ ಕಡೆಯಲ್ಲಿ ಈ ಮಗು ತನ್ನನ್ನು ತಾನೇ ಕಾದುಕೊಂಡೀತೇ? ಈ ಪ್ರಶ್ನೆಗೆ ಉಪದೇಶಕ್ಕಿಂತ ಒಂದು ಜೀವನಚರಿತ್ರೆಯೇ ಒಳ್ಳೆಯ ಉತ್ತರವಾದೀತು.

ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಹೆಸರನ್ನು ಕೇಳದ ಕನ್ನಡಿಗನಿಲ್ಲ. ಆದರೆ ಕನ್ನಂಬಾಡಿಯ ಕಟ್ಟೆಯನ್ನು ಕಂಡವರು ಅದರ ಹಿಂದಿನ ವಿದ್ಯಾರ್ಥಿಯನ್ನು ಕಂಡಿರುವುದು ಅಪೂರ್ವ. ಅವರು ಹುಟ್ಟಿದುದು ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ಪಂಡಿತರು. ಮನೆಯಲ್ಲಿ ಸಂಪತ್ತಿರಲಿಲ್ಲ, ಸದಾಚಾರವಿತ್ತು. ಹುಡುಗನು ಶಾಲೆಯಲ್ಲಿರುವಾಗಲೇ ತಂದೆಯವರು ತೀರಿಕೊಂಡರು. ತಾಯಿ ವೆಂಕಚ್ಚಮ್ಮನವರು ಮಗನ ವಿದ್ಯೆಯನ್ನು ನಿಲ್ಲಿಸಲಿಲ್ಲ. ಬೆಂಗಳೂರಿನಲ್ಲಿದ್ದ ಸೋದರಮಾವ ರಾಮಯ್ಯನವರ ಆಶ್ರಯಕ್ಕೆ ಕಳುಹಿಸಿದರು.

ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗ ಅವರು ಕೊಡಗಿನ ಒಂದು ಗೌರವಸ್ಥ ಮನೆತನದ ಮಕ್ಕಳಿಗೆ ಪಾಠ ಹೇಳಿ ತಮ್ಮ ವೆಚ್ಚವನ್ನು ತಾವೇ ಗಳಿಸಿಕೊಂಡರು. ಓದಿಗೂ ಪಾಠಕ್ಕೂ ನಡಿಗೆಗೂ ಹೊತ್ತನ್ನು ಹಂಚಿಕೊಳ್ಳದೆ ಅವರಿಗೆ ಗತ್ಯಂತರವಿರಲಿಲ್ಲ. ಮುಂದೆ ಗಡಿಯಾರವೇ ಅವರನ್ನು ನೋಡಿ ನಡೆಯುತ್ತದೆಂದು ಜನ ಆಡಿಕೊಳ್ಳುವಷ್ಟು ಪ್ರಸಿದ್ಧವಾದ ಆ ಕಾಲನಿಷ್ಠೆ ಅಭ್ಯಾಸವಾದುದು ಈ ಓಡಾಟದ ದಿನಗಳಲ್ಲಿ ಎಂದು ಹೇಳಿದರೆ ತಪ್ಪಾಗಲಾರದು. ಕಾಲೇಜಿನ ಮುಖ್ಯಾಧ್ಯಾಪಕರಾಗಿದ್ದ ಚಾರ್ಲ್ಸ್ ವಾಟರ್ಸರು ಈ ಬಡ ವಿದ್ಯಾರ್ಥಿಯ ಮೇಲೆ ವಾತ್ಸಲ್ಯವಿಟ್ಟರು. ೧೮೮೧ರ ಹೊತ್ತಿಗೆ ಮದರಾಸು ವಿಶ್ವವಿದ್ಯಾನಿಲಯದ ಬಿ.ಎ. ಪದವಿ ದೊರೆಯಿತು. ಮೈಸೂರು ಸರಕಾರದ ವಿದ್ಯಾರ್ಥಿವೇತನವು ಅವರನ್ನು ಪುಣೆಯ ವಿಜ್ಞಾನ ಕಾಲೇಜಿಗೆ ಕೊಂಡೊಯ್ದಿತು. ೧೮೮೩ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮುಂಬಯಿ ಪ್ರಾಂತಕ್ಕೇ ಪ್ರಥಮರಾಗಿ ಜೇಮ್ಸ್ ಬರ್ಕ್ಲಿ ಬಹುಮಾನವನ್ನು ಪಡೆದರು. ೧೮೮೪ರಲ್ಲಿ ನಾಸಿಕದಲ್ಲಿ ಸರಕಾರದ ಕೆಲಸಕ್ಕೆ ಸೇರಿದರು.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸಿ, ಮನಸ್ಸೊಂದಿದ್ದರೆ ಎಲ್ಲವೂ ಸಾಧ್ಯವೆಂದು ಮಕ್ಕಳಿಗೆ ಬುದ್ಧಿ ಹೇಳುವರು. ಅದು ಅರ್ಧ ಸತ್ಯವಷ್ಟೆ. ಬಡತನವು ತಾನಾಗಿ ಯಾರಿಗೂ ಸಂಯಮವನ್ನು ಕಲಿಸುವುದಿಲ್ಲ. ಅದು ಎಷ್ಟೋ ಪ್ರತಿಭೆಗಳನ್ನು ಮೊಳಕೆಯಲ್ಲಿಯೇ ಸುಟ್ಟಿದೆ. ಈ ಹುಡುಗನಿಗೆ ನಂಬಿಕೆಯಿಟ್ಟು ಕಳುಹಿಸಿದ ತಾಯಿಯಿದ್ದಳು, ಅನ್ನವಿಕ್ಕಿದ ಮಾವನಿದ್ದನು, ಗುಣವನ್ನು ಗುರುತಿಸಿದ ಗುರುವಿದ್ದನು, ತಕ್ಕ ಸಮಯಕ್ಕೆ ಕೈಹಿಡಿದ ಸರಕಾರವಿತ್ತು. ಇವರೆಲ್ಲರ ಆಧಾರದ ಮೇಲೆ ಅವನ ಸ್ವಂತ ಛಲವು ಬೇರೂರಿತು.

ಆಧುನಿಕ ಮನಶ್ಶಾಸ್ತ್ರವೂ ಈ ಮಾತನ್ನೇ ಸಮರ್ಥಿಸುತ್ತದೆ. ಈಗೊಂದು ಮಿಠಾಯಿಯೋ ತಾಳಿದರೆ ಎರಡೋ ಎಂದು ಎಳೆಯ ಮಕ್ಕಳ ತಾಳ್ಮೆಯನ್ನು ಅಳೆದ ವಾಲ್ಟರ್ ಮಿಶೆಲ್ಲರ ಪ್ರಯೋಗಗಳು ಅಮೆರಿಕೆಯ ಸ್ಟ್ಯಾನ್‌ಫರ್ಡಿನಲ್ಲಿ ಸುಮಾರು ೧೯೭೦ರ ಹೊತ್ತಿಗೆ ನಡೆದವು. ತಾಳಿದ ಮಕ್ಕಳೇ ಮುಂದೆ ಓದಿನಲ್ಲಿ ಮೇಲಾದರೆಂದು ಬಹುಕಾಲ ಹೇಳಲಾಯಿತು. ೨೦೧೮ರಲ್ಲಿ ಪ್ರಕಟವಾದ ಹೆಚ್ಚು ವಿಸ್ತಾರವಾದ ಪರಿಶೀಲನೆಯಲ್ಲಿ, ಮನೆಯ ಸ್ಥಿತಿಗತಿಗಳನ್ನು ಲೆಕ್ಕಕ್ಕೆ ಹಿಡಿದೊಡನೆ ಆ ಸಂಬಂಧವು ಬಹಳಮಟ್ಟಿಗೆ ಕುಗ್ಗಿತು. ಬರಿಯ ದಂಡನೆಗಿಂತಲೂ ಬರಿಯ ಸಲಿಗೆಗಿಂತಲೂ, ಪ್ರೀತಿಯೊಡನೆ ನಿಯಮವನ್ನಿಟ್ಟು ಅದರ ಕಾರಣವನ್ನೂ ತಿಳಿಸುವ ಪಾಲನೆಯೇ ಮಕ್ಕಳಲ್ಲಿ ಸ್ವಯಂಶಾಸನವನ್ನು ಬೆಳೆಸುವುದೆಂದು ಡಯಾನಾ ಬೌಮ್‌ರಿಂಡರು ೧೯೬೦ರ ದಶಕದಲ್ಲಿಯೇ ಪ್ರತಿಪಾದಿಸಿದ್ದರು.

ವಿಶ್ವೇಶ್ವರಯ್ಯನವರು ೧೯೦೩ರಲ್ಲಿ ಪುಣೆಯ ಬಳಿಯ ಖಡಕವಾಸಲಾ ಜಲಾಶಯಕ್ಕೆ ಸ್ವಯಂಚಾಲಿತ ಬಾಗಿಲುಗಳನ್ನು ಹಾಕಿಸಿದರು. ನೀರು ಗೊತ್ತಾದ ಮಟ್ಟವನ್ನು ಮೀರಿದರೆ ಅವು ತಾವೇ ತೆರೆಯುವುವು, ಇಳಿದರೆ ತಾವೇ ಮುಚ್ಚುವುವು. ಹಗಲಿರುಳು ಕಾವಲುಗಾರನು ನಿಲ್ಲಬೇಕಾಗಿಲ್ಲ. ಅವರ ಬಾಳೂ ಅದೇ ಬಗೆಯದು. ೧೯೦೯ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರರಾಗಿ, ೧೯೧೨ರಿಂದ ೧೯೧೮ರ ವರೆಗೆ ದಿವಾನರಾಗಿ ಅವರು ದುಡಿದರು. ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪನೆಯಾಯಿತು. ಪರಪ್ರಾಂತದ ಪದವಿಗಾಗಿ ಓದಬೇಕಾಗಿದ್ದ ವಿದ್ಯಾರ್ಥಿಯು ತನ್ನ ನಾಡಿನ ಮಕ್ಕಳಿಗೆ ನಾಡಿನಲ್ಲಿಯೇ ಪದವಿ ದೊರೆಯುವಂತೆ ಮಾಡಿದನು. ೧೯೫೫ರಲ್ಲಿ ಭಾರತರತ್ನವು ಅವರಿಗೆ ಸಂದಿತು. ೧೯೬೦ರಲ್ಲಿ ಅವರ ಕಣ್ಣೆದುರಿಗೇ ನಾಡು ಅವರ ಶತಮಾನೋತ್ಸವವನ್ನು ಆಚರಿಸಿತು. ೧೯೬೨ರ ಏಪ್ರಿಲಿನಲ್ಲಿ ಅವರು ದಿವಂಗತರಾದರು.

ಮಗನಿಗೆ ಗಳಿಗೆಗೊಮ್ಮೆ ದೂರವಾಣಿ ಮಾಡಿ ಎದ್ದೆಯಾ, ಓದಿದೆಯಾ ಎಂದು ವಿಚಾರಿಸುವ ತಂದೆಯು ಬಾಗಿಲ ಬಳಿ ಕಾವಲುಗಾರನನ್ನು ನಿಲ್ಲಿಸುತ್ತಾನೆಯೇ ಹೊರತು ಬಾಗಿಲನ್ನು ಕಟ್ಟುವುದಿಲ್ಲ. ಹಣವನ್ನು ಕಳುಹಿಸಿ ಕೈತೊಳೆದುಕೊಳ್ಳುವವನು ಅದನ್ನೂ ಮಾಡುವುದಿಲ್ಲ. ಮನೆಯಲ್ಲಿರುವಾಗಲೇ ಚಿಕ್ಕಪುಟ್ಟ ಹೊಣೆಗಳನ್ನು ಹೊರಿಸಿ, ಸೋತಾಗ ಕನಿಕರದಿಂದ ತಿದ್ದಿ, ಹಿರಿಯರು ತಾವೂ ನುಡಿದಂತೆ ನಡೆದರೆ ಮಗುವಿನೊಳಗೆ ಆ ಬಾಗಿಲು ತಾನಾಗಿ ಸಿದ್ಧವಾಗುವುದು. ಅಧಿಕಾರದಲ್ಲಿರುವವರ ಪಾಲಿನ ಕರ್ತವ್ಯವೂ ಕಡಿಮೆಯದಲ್ಲ. ಕಾಲಕ್ಕೆ ಸಲ್ಲುವ ವಿದ್ಯಾರ್ಥಿವೇತನ, ಶುಚಿಯಾದ ವಸತಿಗೃಹ, ವಿದ್ಯಾರ್ಥಿಯ ಹೆಸರನ್ನು ಬಲ್ಲ ಅಧ್ಯಾಪಕ, ಇವಿಲ್ಲದಲ್ಲಿ ಸಂಯಮದ ಕುರಿತು ಭಾಷಣ ಮಾಡುವುದು ನೀರೆರೆಯದೆ ಅಡಕೆಯ ಸಸಿಯನ್ನು ಬೈದಂತೆಯೇ ಸರಿ. ಮುದ್ದೇನಹಳ್ಳಿಯ ಹುಡುಗನಿಗೆ ದೊರೆತ ಆ ನಾಲ್ಕು ಕೈಗಳು ಬಿಳಗಿಯ ಮಕ್ಕಳಿಗೂ ದೊರೆಯಲಿ.