ಕಾರಾಪುರದ ಸಾಬು

ಶ್ರೀರಂಗಪಟ್ಟಣ, ಕೃಷ್ಣರಾಜಪೇಟೆ, ನಾಗಮಂಗಲ ಹಾಗೂ ಹಿಂದೆ ಫ್ರೆಂಚ್ ರಾಕ್ಸ್ ಎಂದು ಕರೆಯಲ್ಪಡುತ್ತಿದ್ದ ಪಾಂಡವಪುರ, ಈ ತಾಲ್ಲೂಕುಗಳೆಲ್ಲ 1939ರಲ್ಲಿ ಮಂಡ್ಯ ಜಿಲ್ಲೆ ರಚನೆಯಾಗುವವರೆಗೂ ಮೈಸೂರು ಜಿಲ್ಲೆಗೇ ಸೇರಿದ್ದವು. ಅದೇ ಜಿಲ್ಲೆಯ ಇನ್ನೊಂದು ಅಂಚಿನಲ್ಲಿ, ಕಬಿನಿ ನದಿಯ ಬಳಿ, ಕಾರಾಪುರವೆಂಬ ಕಾಡಿನ ಊರಿದೆ. ಆನೆ ಹಿಡಿಯುವ ಖೆಡ್ಡಾಕ್ಕೆ ಹೆಸರಾದ ಕಾಕನಕೋಟೆಯ ಅರಣ್ಯ ಅದರ ನೆರೆಯದು. ಈ ಊರಿನಲ್ಲಿ 1924ರ ಜನವರಿ 27ರಂದು ಜನಿಸಿದ ಬಾಲಕನೊಬ್ಬ ಮುಂದೆ ಹಾಲಿವುಡ್‌ನ ತಾರೆಯಾದ. ಅವನೇ ಸಾಬು.

ಸಾಬುವಿನ ತಂದೆ ಮೈಸೂರು ಮಹಾರಾಜರ ಆನೆಗಳ ಮಾವುತರು. ತಾಯಿಯನ್ನು ಎಳೆತನದಲ್ಲಿಯೇ ಕಳೆದುಕೊಂಡ ಮಗುವಿಗೆ ಆನೆಗಳೇ ಒಡನಾಡಿಗಳಾದವು. ಬಾಲ್ಯದಲ್ಲಿಯೇ ತಂದೆಯೂ ತೀರಿಕೊಂಡರು. ಅನಾಥನಾದ ಹುಡುಗನಿಗೆ ಅರಮನೆಯ ಆನೆಲಾಯವೇ ಆಶ್ರಯವಾಯಿತು. ಆನೆಯ ಕಣ್ಣಸನ್ನೆಯನ್ನು ಅರಿಯುವುದು, ಅದರ ಮನಸ್ಸು ಗೆಲ್ಲುವುದು, ಇವೇ ಅವನು ಕಲಿತ ಮೊದಲ ಪಾಠಗಳು.

1935ರಲ್ಲಿ ರಾಬರ್ಟ್ ಫ್ಲಾಹರ್ಟಿ ಎಂಬ ಅಮೆರಿಕದ ಚಿತ್ರನಿರ್ದೇಶಕರು ಮೈಸೂರಿಗೆ ಬಂದರು. ಹಿಮಪ್ರದೇಶದ ಜನರ ಬಾಳನ್ನು ಕುರಿತ 'ನಾನೂಕ್ ಆಫ್ ದಿ ನಾರ್ತ್' ಎಂಬ ಚಿತ್ರದಿಂದ ಅವರು ಖ್ಯಾತರಾಗಿದ್ದರು. ಕಿಪ್ಲಿಂಗ್ ಬರೆದ ಕಥೆಯೊಂದನ್ನು ಆಧರಿಸಿ, ಆನೆಯನ್ನೂ ಅದರ ಗೆಳೆಯನಾದ ಬಾಲಕನನ್ನೂ ಕುರಿತು ಚಿತ್ರ ತೆಗೆಯುವುದು ಅವರ ಉದ್ದೇಶ. ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ ಅದಕ್ಕೆ ನೆರವು ನೀಡಿತು. ಚಿತ್ರತಂಡವು ಕಥಾನಾಯಕನನ್ನು ಹುಡುಕುತ್ತಿದ್ದಾಗ ಆನೆಲಾಯದ ಈ ಹುಡುಗ ಅವರ ಕಣ್ಣಿಗೆ ಬಿದ್ದ. ನಟನೆಯೆಂದರೇನೆಂದು ಅರಿಯದ ಅವನಲ್ಲಿ ಕೃತಕತೆಯ ಸುಳಿವೂ ಇರಲಿಲ್ಲ. ಮೈಸೂರಿನಲ್ಲಿ ಆರಂಭವಾದ ಚಿತ್ರ ಲಂಡನ್ನಿನ ಬಳಿ ಮುಕ್ತಾಯವಾಯಿತು. ಸಾಬು ತನ್ನ ಅಣ್ಣನೊಂದಿಗೆ ಕಡಲು ದಾಟಿದ. ಅಲ್ಲಿ ಶಾಲೆಗೆ ಸೇರಿ ಇಂಗ್ಲಿಷ್ ಕಲಿತ. 1937ರಲ್ಲಿ 'ಎಲಿಫೆಂಟ್ ಬಾಯ್' ತೆರೆಕಂಡಿತು. ಹದಿಮೂರರ ಆ ಬಾಲಕನ ನಗುಮುಖ ಪಾಶ್ಚಾತ್ಯ ಪ್ರೇಕ್ಷಕರ ಮನ ಸೆಳೆಯಿತು. ವೆನಿಸ್ ಚಿತ್ರೋತ್ಸವದಲ್ಲಿ ಅದಕ್ಕೆ ನಿರ್ದೇಶನದ ಪ್ರಶಸ್ತಿ ಲಭಿಸಿತು.

ಮರುವರ್ಷದ 'ದಿ ಡ್ರಮ್' ಚಿತ್ರಕ್ಕೆ ಭಾರತದಲ್ಲಿ ಬೇರೆಯೇ ಬಗೆಯ ಸ್ವಾಗತ ದೊರೆಯಿತು. ಬ್ರಿಟಿಷ್ ಆಳ್ವಿಕೆಯನ್ನು ಹೊಗಳುವ ಆ ಚಿತ್ರವನ್ನು ಮುಂಬಯಿ ಮತ್ತು ಮದರಾಸಿನಲ್ಲಿ ಜನರು ಪ್ರತಿಭಟಿಸಿದರು. ನಟನ ಗುಣ ಬೇರೆ, ಚಿತ್ರದ ಆಶಯ ಬೇರೆ ಎಂಬುದಕ್ಕೆ ಇದೊಂದು ನಿದರ್ಶನ.

ಸಾಬುವಿನ ಕೀರ್ತಿಯನ್ನು ಶಿಖರಕ್ಕೇರಿಸಿದ್ದು 1940ರ 'ದಿ ಥೀಫ್ ಆಫ್ ಬಾಗ್ದಾದ್'. ಇಂಗ್ಲೆಂಡಿನಲ್ಲಿ ಚಿತ್ರೀಕರಣ ನಡೆಯುತ್ತಿದ್ದಾಗ ಎರಡನೆಯ ಮಹಾಯುದ್ಧ ಆರಂಭವಾದುದರಿಂದ ಅದನ್ನು ಅಮೆರಿಕದಲ್ಲಿ ಪೂರ್ಣಗೊಳಿಸಬೇಕಾಯಿತು. ಹಾರುವ ಕಂಬಳಿ, ಸೀಸೆಯಿಂದ ಹೊರಬರುವ ದೈತ್ಯ ಮೊದಲಾದ ಬೆರಗಿನ ದೃಶ್ಯಗಳಿದ್ದ ಈ ವರ್ಣಚಿತ್ರ ಮೂರು ಆಸ್ಕರ್ ಪ್ರಶಸ್ತಿಗಳನ್ನು ಗಳಿಸಿತು. ಚತುರ ಕಳ್ಳನ ಪಾತ್ರದಲ್ಲಿ ಸಾಬು ಮಿಂಚಿದ. 1942ರ 'ಜಂಗಲ್ ಬುಕ್' ಚಿತ್ರದಲ್ಲಿ ಮೋಗ್ಲಿಯಾದ.

ಕೀರ್ತಿಯ ನಡುವೆಯೂ ಸಾಬು ಯುದ್ಧದ ಕರೆಯನ್ನು ಕಡೆಗಣಿಸಲಿಲ್ಲ. 1944ರಲ್ಲಿ ಅಮೆರಿಕದ ಪೌರತ್ವ ಪಡೆದ ಅವರು ಆ ದೇಶದ ವಾಯುಪಡೆಯನ್ನು ಸೇರಿದರು. ಬಾಂಬರ್ ವಿಮಾನದ ಬಾಲದ ತುದಿಯಲ್ಲಿ ಒಬ್ಬರೇ ಕುಳಿತು, ಬೆನ್ನಟ್ಟುವ ಶತ್ರುವಿಮಾನಗಳತ್ತ ಗುಂಡು ಹಾರಿಸುವುದು ಅವರ ಕೆಲಸ. ಶಾಂತಸಾಗರದ ಮೇಲೆ ಹಲವಾರು ಬಾರಿ ಜೀವದ ಹಂಗು ತೊರೆದು ಹೋರಾಡಿದ ಅವರಿಗೆ ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಎಂಬ ಶೌರ್ಯಪದಕ ಸಂದಿತು.

ಯುದ್ಧಾನಂತರ 1947ರ 'ಬ್ಲ್ಯಾಕ್ ನಾರ್ಸಿಸಸ್' ಚಿತ್ರದಲ್ಲಿ ಯುವರಾಜನ ಪಾತ್ರವನ್ನು ಅವರು ಸೊಗಸಾಗಿ ನಿರ್ವಹಿಸಿದರು. ಆದರೆ ಅಂತಹ ಅವಕಾಶಗಳು ವಿರಳವಾದವು. ಪ್ರಾಯಕ್ಕೆ ಬಂದರೂ ಹಾಲಿವುಡ್ ಅವರನ್ನು ಕಾಡಿನ ಹುಡುಗನಾಗಿಯೇ ಕಾಣಬಯಸಿತು. ಪೇಟ, ಲಂಗೋಟಿ, ಆನೆ, ಹುಲಿಗಳಾಚೆಗೆ ಭಾರತೀಯ ನಟನೊಬ್ಬನನ್ನು ಕಲ್ಪಿಸಿಕೊಳ್ಳುವ ಔದಾರ್ಯ ಅಂದಿನ ಚಿತ್ರೋದ್ಯಮಕ್ಕೆ ಇರಲಿಲ್ಲ. ನಿರ್ಮಾಪಕ ಮೆಹಬೂಬ್ ಖಾನರು 'ಮದರ್ ಇಂಡಿಯಾ' ಚಿತ್ರಕ್ಕಾಗಿ ಅವರನ್ನು ಕರೆತರಲು ಯೋಚಿಸಿದರೂ ಅದು ಕೈಗೂಡಲಿಲ್ಲ. ಹೀಗಾಗಿ ಜಗತ್ತು ಮೆಚ್ಚಿದ ಈ ಕಲಾವಿದರು ತಾಯ್ನಾಡಿನ ಭಾಷೆಯ ಒಂದು ಚಿತ್ರದಲ್ಲಿಯೂ ನಟಿಸಲಿಲ್ಲ.

1963ರ ಡಿಸೆಂಬರ್ 2ರಂದು ಸಾಬು ಹೃದಯಾಘಾತದಿಂದ ನಿಧನರಾದರು. ಆಗ ಅವರಿಗೆ ಕೇವಲ ಮೂವತ್ತೊಂಬತ್ತು ವರ್ಷ. ಅವರ ಕೊನೆಯ ಚಿತ್ರ 'ಎ ಟೈಗರ್ ವಾಕ್ಸ್' ತೆರೆಕಂಡದ್ದು ಮರುವರ್ಷ.

ಹಾಲಿವುಡ್‌ನ ಬೀದಿಯಲ್ಲಿ ಸಾಬುವಿನ ಹೆಸರು ಹೊತ್ತ ನಕ್ಷತ್ರಫಲಕ ಇಂದಿಗೂ ಇದೆ. ಅವರ ಹಳೆಯ ಚಿತ್ರಗಳನ್ನು ನೋಡುವ ಇಂದಿನ ತರುಣರಿಗೆ ಎರಡು ಸಂಗತಿಗಳು ಕಾಣುತ್ತವೆ. ಒಂದು, ಯಾವ ಶಿಕ್ಷಣವೂ ಇಲ್ಲದೆ ಅರಳಿದ ಸಹಜ ಪ್ರತಿಭೆ. ಇನ್ನೊಂದು, ಆ ಪ್ರತಿಭೆಗೆ ಇತರರು ಹಾಕಿದ ಬೇಲಿ. ಎರಡನ್ನೂ ಗುರುತಿಸಬಲ್ಲವರೇ ನಿಜವಾದ ರಸಿಕರು. ಮಾವುತನ ಮಗನೊಬ್ಬ ಆನೆಲಾಯದಿಂದ ಜಗತ್ತಿನ ಬೆಳ್ಳಿತೆರೆಯವರೆಗೆ ನಡೆದ ಹಾದಿ ಕನ್ನಡ ನಾಡಿನ ಮಕ್ಕಳಿಗೆ ಸದಾ ಸ್ಮರಣೀಯ.